ಪೆಟ್ಟಿಗೆಗೆ ಕಿವಿ ಬಂದದ್ದು

ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹಂಸ ಟೀಚರ್ ಎಂದರೆ ಲೆಕ್ಕದ ಟೀಚರ್. ಎಂಟನೇ ಕ್ಲಾಸಿನಿಂದ ಹತ್ತನೆಯವರೆಗೆ ಪ್ರಮೇಯ, ಬೀಜಗಣಿತ ಎಂದು ಮಕ್ಕಳ ಪ್ರಾಣ ಹಿಂಡುವುದು ಅವಳ ಉದ್ಯೋಗ. ಅವಳ ಸ್ವಂತ ಪ್ರಾಣ ಇದ್ದದ್ದು ಮಾತ್ರ ಹಾರ್ಮೋನಿಯಮ್ಮಿನಲ್ಲಿ. ಅಜ್ಜಿಯ ತವರು ರುದ್ರಪಟ್ಟಣ. ಆ ಊರಿನವರಿಗೆ ಸಂಗೀತದ ವಿಷಯದಲ್ಲಿ ಜಂಬ ಸ್ವಲ್ಪ ಹೆಚ್ಚು. ಇರಲಿ ಬಿಡಿ, ಇರಬೇಕಾದವರಿಗೇ ಇದೆ. ಬೇಸಿಗೆ ರಜಕ್ಕೆ ಹೋದ ಹಂಸನಿಗೆ ಅಜ್ಜಿ ಸರಳೆವರಸೆ ಹೇಳಿಕೊಟ್ಟಳು, ದೊಡ್ಡಮಾವ ಹಾರ್ಮೋನಿಯಂ ಮುಟ್ಟಲು ಬಿಟ್ಟ. ಮದುವೆಯಾಗಿ ನರಸೀಪುರಕ್ಕೆ ಬಂದ ಮೇಲೆ ಶನಿವಾರದ ಭಜನೆಗೆ ಅವಳದೇ ಹಾರ್ಮೋನಿಯಂ. ಒಂದೇ ಹತ್ತು ಹಾಡು, ಅದೇ ಹತ್ತು ಹೆಂಗಸರು, ಕೊನೆಗೆ ಅದೇ ಕಡಲೆಕಾಳು ಉಸಲಿ.

ಬೇರೆ ಆಸೆ ಹುಟ್ಟಿದ್ದು ಎಂಬತ್ತೆಂಟರಲ್ಲಿ, ಹಾಸನದ ಒಂದು ಮದುವೆಯಲ್ಲಿ. ವೇದಿಕೆಯ ಮೇಲೆ ಒಬ್ಬ ಸಣಕಲು ಮನುಷ್ಯ ಉದ್ದನೆಯ ಕಪ್ಪು ಪೆಟ್ಟಿಗೆಯ ಮುಂದೆ ನಿಂತು ಎಡಗೈಯ ಬೆರಳೊಂದನ್ನು ಒತ್ತಿದ. ಒಂದೇ ಒಂದು ಬೆರಳು. ಡ್ರಮ್ಮು, ಬೇಸ್ ಗಿಟಾರು, ಪಿಟೀಲುಗಳ ದಂಡು ಎಲ್ಲ ಒಟ್ಟಿಗೆ ಎದ್ದು ನಿಂತವು. ಬೆರಳನ್ನು ಪಕ್ಕದ ಬಿಳಿ ಪಟ್ಟಿಯ ಮನೆಗೆ ಸರಿಸಿದ. ಇಡೀ ದಂಡೇ ಅವನ ಹಿಂದೆ ಸರಿಯಿತು. ಬಲಗೈ ಅದರ ಮೇಲೆ ಆರಾಮವಾಗಿ ಹಾಡು ನುಡಿಸುತ್ತಿತ್ತು. ಊಟದ ಪಂಕ್ತಿಯಲ್ಲಿ ಪಾಯಸದವರೆಗೆ ಬಂದಿದ್ದ ಹಂಸ ಎಲೆ ಬಿಟ್ಟು ಎದ್ದುಬಿಟ್ಟಳು.

"ಎಲೆ ಮುಂದಿನಿಂದ ಎದ್ದು ಹೋಗೋದೇನೇ ಹಂಸು, ಮಾನ ಹೋಯ್ತು!" ಎಂದು ಅತ್ತೆ ಲಕ್ಷ್ಮೀದೇವಮ್ಮ ಹಿಂದೆಯೇ ಗದರಿಕೊಂಡು ಬಂದರು. ಬಂದವರು ಪೆಟ್ಟಿಗೆ ನೋಡಿ, ಸೆರಗು ಬಾಯಿಗಿಟ್ಟುಕೊಂಡು, ಆರತಕ್ಷತೆ ಮುಗಿಯುವವರೆಗೆ ಸೊಸೆಯ ಪಕ್ಕದಲ್ಲೇ ನಿಂತರು. ಇಬ್ಬರೂ ಪಾಯಸ ಕಳೆದುಕೊಂಡರು.

ಅಂಥ ಪೆಟ್ಟಿಗೆ ಹಂಸನ ಕೈಗೆ ಬರಲು ಒಂಬತ್ತು ವರ್ಷ ಹಿಡಿಯಿತು. ಗಂಡ ಕೇದಾರ್ ಹಾಸನದ ಬ್ಯಾಂಕಿನಲ್ಲಿ ಕೆಲಸ ಮಾಡುವ ಮೌನಿ. "ತಗೋ, ಆದ್ರೆ ಭಾನುವಾರ ಮಧ್ಯಾಹ್ನ ಮಾತ್ರ ನನಗೆ ನಿದ್ದೆ ಬೇಕು" ಎಂದಷ್ಟೇ ಹೇಳಿದ. ತೊಂಬತ್ತೇಳರ ಏಪ್ರಿಲ್‌ನಲ್ಲಿ ಅತ್ತೆ ಸೊಸೆ ಬೆಂಗಳೂರಿಗೆ ಹೋಗಿ, ಯಾರೋ ಬಳಸಿ ಬಿಟ್ಟಿದ್ದ ಕೀಬೋರ್ಡೊಂದನ್ನು ಆರಿಸಿ, ಹಾಸಿಗೆಯ ಮಗ್ಗುಲು ಹಾಸಿನಲ್ಲಿ ಸುತ್ತಿ ಬಸ್ಸು ಹತ್ತಿದರು. ಟಾಪಿನ ಮೇಲೆ ಹಾಕಲು ಹಂಸ ಸುತರಾಂ ಒಪ್ಪಲಿಲ್ಲ. ಪೆಟ್ಟಿಗೆ ಇಬ್ಬರ ತೊಡೆಯ ಮೇಲೂ ಉದ್ದಕ್ಕೆ ಮಲಗಿತು.

ಕಂಡಕ್ಟರ್ ಬಂದು ನೋಡಿದ. "ಇದ್ಯಾರಕ್ಕ ಮಲ್ಗಿರಾದು? ಫುಲ್ ಟಿಕೆಟ್ಟಾ, ಆಫಾ?"

"ಇನ್ನೂ ಮೂರು ವರ್ಷ ತುಂಬಿಲ್ಲಪ್ಪ" ಎಂದರು ಲಕ್ಷ್ಮೀದೇವಮ್ಮ, ಮುಖ ಒಂದಿಷ್ಟೂ ಅಲುಗಿಸದೆ.

ಚನ್ನರಾಯಪಟ್ಟಣ ಇನ್ನು ನಾಲ್ಕು ಮೈಲಿ ಇದೆ ಎನ್ನುವಾಗ ಬಸ್ಸಿನ ಟೈರು ಪಂಕ್ಚರ್ ಆಯಿತು. ಜನವೆಲ್ಲ ಇಳಿದು ಹುಣಸೆ ಮರದ ನೆರಳಿಗೆ ಸರಿದರು. ಸುತ್ತಿದ್ದ ಹಾಸಿನೊಳಗೆ ಏನಿದೆ ಎಂದು ಅರ್ಧ ಬಸ್ಸಿಗೆ ಕುತೂಹಲ, ತೋರಿಸಬೇಕೆಂದು ಹಂಸನಿಗೆ ಅದಕ್ಕಿಂತ ಹೆಚ್ಚು. ಅಂಗಡಿಯವನು ಟಾರ್ಚಿಗೆ ಹಾಕುವಂಥ ಆರು ದಪ್ಪ ಬ್ಯಾಟರಿ ತುಂಬಿಸಿಯೇ ಕೊಟ್ಟಿದ್ದ. ಅವಳು ಮರದ ಬೇರಿನ ಮೇಲೆ ಕೂತು, ಪೆಟ್ಟಿಗೆಯನ್ನು ಮಡಿಲಿನಲ್ಲಿಟ್ಟುಕೊಂಡು, ಎಡಗೈಯ ಒಂದು ಬೆರಳು ಒತ್ತಿದಳು. ಡ್ರಮ್ಮು ಎದ್ದಿತು, ಬೇಸ್ ಎದ್ದಿತು, ಪಿಟೀಲುಗಳು ಎದ್ದವು. ಮೂವತ್ತನಾಲ್ಕು ವರ್ಷದ ಲೆಕ್ಕದ ಟೀಚರ್ ರಸ್ತೆಯ ಬದಿಯಲ್ಲಿ ಎಲ್ಲರ ಮುಂದೆ ಕಿಲಕಿಲ ನಕ್ಕುಬಿಟ್ಟಳು.

ಗುಂಪಿನಿಂದ ಬಿಳಿ ಪಂಚೆಯ ದಪ್ಪ ಮನುಷ್ಯನೊಬ್ಬ ಎದ್ದು ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಅದಕ್ಕೆ ಸರಿಯಾಗಿ ಹಾಡತೊಡಗಿದ. ಚನ್ನರಾಯಪಟ್ಟಣದ ಮಂಡಿಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಕಾಂತರಾಜು ಅವನು. ಹಗಲು ಕಾಯಿ, ಸಂಜೆ ಹಾಡು. 'ಕಲ್ಪವೃಕ್ಷ ಆರ್ಕೆಸ್ಟ್ರಾ' ಎಂಬ ತಂಡಕ್ಕೆ ಯಜಮಾನನೂ ಅವನೇ, ಗಾಯಕನೂ ಅವನೇ. ಕಂಡಕ್ಟರ್ ಟಿಕೆಟ್ ಚೀಲ ಸೊಂಟಕ್ಕೆ ಕಟ್ಟಿಕೊಂಡೇ ಕುಣಿದ. ಟೈರು ಬದಲಾಯಿಸಿ ಆಗಿ, ಡ್ರೈವರ್ ಮೂರು ಸಲ ಹಾರನ್ ಹೊಡೆದರೂ ಒಬ್ಬರೂ ಬಸ್ಸು ಹತ್ತಲಿಲ್ಲ.

"ಅಕ್ಕ, ಇದು ಮನೇಗ್ ತಗಂಡೋಗಿ ಮುಚ್ಚಿಡಾ ಸಾಮಾನಲ್ಲ. ನಮ್ ಸ್ಟೇಜಿಗೆ ಬಂದ್ಬುಡಿ" ಎಂದ ಕಾಂತರಾಜು. ಹಂಸ ಅತ್ತೆಯ ಮುಖ ನೋಡಿದಳು. ಲಕ್ಷ್ಮೀದೇವಮ್ಮ ಆಗಲೇ ತಲೆಯಾಡಿಸಿ ಆಗಿತ್ತು.

ತಂಡದಲ್ಲಿ ಇನ್ನೊಬ್ಬನಿದ್ದ, ಅವನ ಮಾತು ಈಗ ಹೇಳಲೇಬೇಕು. ಅರಕಲಗೂಡಿನ ಗುಂಡಯ್ಯ, ಡೋಲಕ್ ವಾದಕ, ಐವತ್ತೆಂಟು ವರ್ಷ. ಹಳ್ಳಿಯ ಪೌರಾಣಿಕ ನಾಟಕಗಳಿಗೆ ನಲವತ್ತು ವರ್ಷ ಬಾರಿಸಿ ಬಾರಿಸಿ ಅಂಗೈ ಎಮ್ಮೆಯ ಚರ್ಮದ ಹಾಗೆ ಆಗಿತ್ತು. ಕಾಂತರಾಜು ಮೀಸೆ ಮೂಡುವ ಮೊದಲು ಹಾಡಲು ನಿಂತಾಗ ಪಕ್ಕದಲ್ಲಿ ಕೂತು ತಾಳ ತಪ್ಪದಂತೆ ದಡ ಮುಟ್ಟಿಸಿದವನು ಇವನೇ. ಅವನಲ್ಲಿ ಒಂದೇ ಒಂದು ದೋಷ. ಜನ ಶಿಳ್ಳೆ ಹೊಡೆದರೆ ಓಡುತ್ತಿದ್ದ. ಶಿಳ್ಳೆ ಜೋರಾದಷ್ಟೂ ಕೈ ಜೋರು. ಹಾಡು ಶುರುವಾದಾಗ ಎತ್ತಿನ ಗಾಡಿ, ಮುಗಿಯುವಾಗ ಎಕ್ಸ್‌ಪ್ರೆಸ್ ಬಸ್ಸು. ಜನಕ್ಕೆ ಅದೇ ಇಷ್ಟ. ಕಾಂತರಾಜುವಿಗೂ ಅದೇ ಅಭ್ಯಾಸ. ಉಸಿರು ಕಟ್ಟಿಕೊಂಡು ಗುಂಡಯ್ಯನ ಹಿಂದೆಯೇ ಓಡಿ ಹಾಡು ಮುಗಿಸಿ, ಬೆವರು ಒರೆಸಿಕೊಂಡು ನಗುತ್ತಿದ್ದ.

ಕಾಯಿ ಗೋದಾಮಿನಲ್ಲಿ ಮೊದಲ ದಿನದ ಅಭ್ಯಾಸ. ಹಂಸ ಬೆರಳು ಒತ್ತಿದಳು, ಡ್ರಮ್ಮು ಎದ್ದಿತು. ಗುಂಡಯ್ಯ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಅಡಿಯನ್ನೂ ನೋಡಿದ.

"ಒಳಗ್ಯಾವನ್ಲಾ ಕೂತವ್ನೆ? ಉಸ್ರೂ ಬುಡ್ದಂಗೆ ಬಾರುಸ್ತಾವ್ನಲ್ಲ!"

ಎಲ್ಲರೂ ನಕ್ಕರು. ಗುಂಡಯ್ಯ ನಗಲಿಲ್ಲ.

ನಗದಿದ್ದುದು ಯಾಕೆಂದು ಶಾಂತಿಗ್ರಾಮದಲ್ಲಿ ಗೊತ್ತಾಯಿತು. ಅಲ್ಲಿನ ಹಾಲಿನ ಸಂಘದ ವಾರ್ಷಿಕೋತ್ಸವ. ಹಾಲಿನ ಕ್ಯಾನುಗಳನ್ನು ಬೋರಲು ಹಾಕಿ ಜನ ಅದರ ಮೇಲೆ ಕೂತಿದ್ದರು. ಮೊದಲ ಹಾಡು ಹೇಗೋ ಆಯಿತು. ಎರಡನೆಯದಕ್ಕೆ ಶಿಳ್ಳೆ ಬಿತ್ತು, ಕ್ಯಾನು ಬಡಿದರು, ಗುಂಡಯ್ಯ ಓಡಿದ. ಪೆಟ್ಟಿಗೆ ಓಡಲಿಲ್ಲ. ಅದಕ್ಕೆ ಶಿಳ್ಳೆಯೂ ಇಲ್ಲ, ಕ್ಯಾನೂ ಇಲ್ಲ. ಎಷ್ಟು ವೇಗಕ್ಕೆ ಇಟ್ಟಿದ್ದರೋ ಅಷ್ಟಕ್ಕೇ, ಸ್ಕೂಲಿನ ಹೆಡ್‌ಮಾಸ್ಟರ್ ನಡೆದ ಹಾಗೆ ನಡೆಯುತ್ತಿತ್ತು. ಹಂಸ ಎಡಗೈಯಲ್ಲಿ ಕಾರ್ಡು, ಅಂದರೆ ಹಿಂದಿನ ದಂಡು ಹಿಡಿಯಬೇಕಾದ ಸ್ವರಗಳ ಗುಂಪು, ಬದಲಿಸಬೇಕು, ಬಲಗೈಯಲ್ಲಿ ಹಾಡು ನುಡಿಸಬೇಕು, ಮೂರನೆಯ ಕೈ ದೇವರು ಕೊಟ್ಟಿರಲಿಲ್ಲ. ಚರಣಕ್ಕೆ ಬರುವ ಹೊತ್ತಿಗೆ ಡೋಲಕ್ ಒಂದು ಕಡೆ, ಪೆಟ್ಟಿಗೆಯ ಡ್ರಮ್ಮು ಇನ್ನೊಂದು ಕಡೆ, ನಡುವೆ ಕಾಂತರಾಜು ಯಾರ ಜೊತೆ ಹೋಗಲಿ ಎಂದು ಕಣ್ಣುಬಾಯಿ ಬಿಡುತ್ತಿದ್ದ. ಒಂದು ಹಾಡು ಹಾಸನದ ಬಸ್ಸು ಹತ್ತಿತು, ಇನ್ನೊಂದು ಬೆಂಗಳೂರಿನದು. ಕ್ಯಾನುಗಳ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಗುಂಡಯ್ಯ ಡೋಲಕ್ಕಿಗೆ ಬಟ್ಟೆ ಮುಚ್ಚಿ ಎದ್ದ.

"ಕಾಂತ್ರಾಜ, ನಾನಾದ್ರೂ ಇರ್ಬೇಕು, ಆ ಪೆಟ್ಗೆಯಾದ್ರೂ ಇರ್ಬೇಕು. ನನ್ ಜತೆ ಯಾರ್ ಬೇಕಾದ್ರೂ ಬಾರುಸ್ಲಿ ಕಣ್ಲಾ, ಬ್ಯಾಡ ಅನ್ನಕಿಲ್ಲ. ಕಿವೀನೇ ಇಲ್ದೋನ್ ಜತೆ ಎಂಗ್ಲಾ ಬಾರುಸ್ಲಿ?"

ಕಾಂತರಾಜು ತಲೆ ಕೆರೆದುಕೊಂಡು ಹಂಸನ ಹತ್ತಿರ ಬಂದ. "ಅಕ್ಕ, ಬರೋ ಬುಧ್ವಾರ ನಮ್ಮೂರಲ್ಲಿ ಒಂದು ಆರತಕ್ಷತೆ ಐತೆ. ಅವತ್ತು ನೀವಿಬ್ರೂ ಕೂಡಿ ಬಂದ್ರೆ ಸರಿ. ಇಲ್ಲಾಂದ್ರೆ ಪೆಟ್ಗೆ ಮನೇಲಿರ್ಲಿ. ಗುಂಡಣ್ಣನ್ ಬುಟ್ಟು ನಾ ಆಡಕಿಲ್ಲ."

ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು, ಅದಕ್ಕೇ ಹಂಸನಿಗೆ ಅಳು ಬಂದಿದ್ದು. ಒಂಬತ್ತು ವರ್ಷ ಕಾದು ಎರಡು ಹಾಡು ನುಡಿಸಿದ್ದಳು. ಬುಧವಾರ ಕೆಟ್ಟರೆ ಮತ್ತೆ ಶನಿವಾರದ ಭಜನೆ, ಮತ್ತೆ ಉಸಲಿ. ಗುಂಡಯ್ಯನನ್ನು ಕಳಿಸಿ ತಾನು ಉಳಿಯುವ ಯೋಚನೆ ಅವಳಿಗೆ ಬರಲೇ ಇಲ್ಲ. ಅವನು ಓಡುವಾಗ ಅವಳ ಮೈಯೂ ಜುಮ್ಮೆಂದಿತ್ತು.

ಮರುದಿನ ಅಡಿಗೆಮನೆಯಲ್ಲಿ ಸೊಸೆಯ ಊದಿದ ಕಣ್ಣು ನೋಡಿ ಲಕ್ಷ್ಮೀದೇವಮ್ಮ ಸೌಟು ಕೆಳಗಿಟ್ಟರು.

"ಹಂಸು, ನಾನು ಹುಳಿಗೆ ಒಗ್ಗರಣೆ ಹಾಕ್ತಿರೋವಾಗ ನೀನೂ ಬಂದು ಅದೇ ಹುಳಿಗೆ ಇನ್ನೊಂದು ಒಗ್ಗರಣೆ ಹಾಕ್ತೀಯಾ?"

"ಇಲ್ಲ."

"ಏನ್ ಮಾಡ್ತೀಯ?"

"ಪಲ್ಯ ನೋಡ್ಕೋತೀನಿ."

"ಮತ್ತೆ? ಆ ಗುಂಡಯ್ಯ ಮುಂದೆ ಕೂತಿರೋವಾಗ ನಿನ್ ಪೆಟ್ಟಿಗೆಗೆ ಡೋಲಿನ ಉಸಾಬರಿ ಯಾಕೆ? ಅದನ್ನ ಬಾಯಿ ಮುಚ್ಕೊಂಡಿರೋಕೆ ಹೇಳು."

ಹಂಸ ಕೈ ಒರೆಸಿಕೊಂಡು ಓಡಿದಳು. ಪೆಟ್ಟಿಗೆಯ ಎಡ ಮೂಲೆಯಲ್ಲಿ ಇಷ್ಟು ದಿನ ಮುಟ್ಟದೆ ಬಿಟ್ಟಿದ್ದ ಮೂರು ಸಣ್ಣ ಗುಂಡಿಗಳಿದ್ದವು: ಡ್ರಮ್ಮಿಗೊಂದು, ಬೇಸಿಗೊಂದು, ಪಿಟೀಲುಗಳಿಗೊಂದು. ಮೊದಲನೆಯದನ್ನು ಒತ್ತಿದಳು. ಡ್ರಮ್ಮು ನಿಂತಿತು. ಬೇಸ್ ಒಂದೇ ಢುಂ, ಢುಂ ಎಂದು ನಡೆಯತೊಡಗಿತು, ಅದರ ಮೇಲೆ ತೆಳ್ಳಗೆ ಪಿಟೀಲು. ಹೂರಣವಿದೆ, ಕಣಕವಿಲ್ಲ. ಯಾರಾದರೂ ಬಾರಿಸಿ ಎಂದು ಅದು ಕೈಚಾಚಿ ಕೇಳುತ್ತಿರುವ ಹಾಗಿತ್ತು. ಲಕ್ಷ್ಮೀದೇವಮ್ಮ ಬಾಗಿಲಲ್ಲಿ ನಿಂತು ತಮಗೆ ಗೊತ್ತಿಲ್ಲದೆಯೇ ಸೌಟಿನಿಂದ ತಟ್ಟೆ ಕುಟ್ಟುತ್ತಿದ್ದರು.

ಇನ್ನು ಉಳಿದದ್ದು ಓಟ. ವೇಗ ಹೆಚ್ಚಿಸಲು ಒಂದು ಕೂಡು ಗುರುತಿನ ಗುಂಡಿ, ಇಳಿಸಲು ಒಂದು ಕಳೆ ಗುರುತಿನ ಗುಂಡಿ. ಎಡಗೈಯಲ್ಲಿ ಕಾರ್ಡು ಬದಲಿಸುವ ನಡುವೆ ಸಿಗುವ ಅರೆಕ್ಷಣದಲ್ಲಿ ಹೆಬ್ಬೆರಳು ಚಾಚಿ ಕೂಡು ಗುಂಡಿಯನ್ನು ಒತ್ತುವುದನ್ನು ಅವಳು ಆರು ದಿನ ಅಭ್ಯಾಸ ಮಾಡಿದಳು. ಅತ್ತೆ ತಟ್ಟೆ ಬಡಿಯುತ್ತ ಬೇಕೆಂದೇ ಓಡುತ್ತಿದ್ದರು, ಸೊಸೆ ಹೆಬ್ಬೆರಳಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಭಾನುವಾರ ಮಧ್ಯಾಹ್ನ ಕೇದಾರ್ ದಿಂಬು ಎತ್ತಿಕೊಂಡು ದೇವಸ್ಥಾನದ ಜಗಲಿಗೆ ಹೋದ.

ಬುಧವಾರ ಸಂಜೆ, ಚನ್ನರಾಯಪಟ್ಟಣದ ಕಲ್ಯಾಣ ಮಂಟಪ. ಹಂಸ ಬೇಗನೆ ಬಂದು ಎಲ್ಲ ಅಣಿ ಮಾಡಿದಳು. ಡ್ರಮ್ಮಿನ ಬಾಯಿ ಮುಚ್ಚಿಸಿದಳು. ಎಡಗಡೆಯ ಯಾವ ಮನೆ ಮುಟ್ಟಿದರೂ ತಕ್ಷಣ ಶುರುವಾಗುವ ಹಾಗೆ ಗುಂಡಿ ಒತ್ತಿಟ್ಟಳು. ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ಅಷ್ಟರಲ್ಲಿ ಹೆಣ್ಣಿನ ಕಡೆಯವರು ಬಂದು, ತಿಂಡಿ ತಿನ್ನದೆ ವಾದ್ಯದವರು ಕೂರುವ ಹಾಗಿಲ್ಲ ಎಂದು ಕೈ ಹಿಡಿದು ಎಳೆದುಕೊಂಡು ಹೋದರು. ಲಕ್ಷ್ಮೀದೇವಮ್ಮ ಮಾತ್ರ ಮೊದಲ ಸಾಲಿನ ಕುರ್ಚಿ ಹಿಡಿದು ಕೂತೇ ಇದ್ದರು.

ಆ ತಂಡದಲ್ಲಿ ಒಂದು ಪದ್ಧತಿ. ಹಾಡು ಶುರುವಾಗುವ ಮೊದಲು ಹಿರಿಯನಾದ ಗುಂಡಯ್ಯ ಎಲ್ಲ ವಾದ್ಯಕ್ಕೂ ಪೂಜೆ ಮಾಡಬೇಕು. ಡೋಲಕ್ಕಿಗೆ ಕುಂಕುಮ, ಹೂವು, ಮೈಕಿಗೂ ಕುಂಕುಮ. ಕಪ್ಪು ಪೆಟ್ಟಿಗೆಯ ಮುಂದೆ ಬಂದಾಗ ಅವನು ತಟ್ಟೆ ಹಿಡಿದು ಒಂದು ಗಳಿಗೆ ನಿಂತ. ಜಗಳ ಜಗಳವೇ, ಆದರೆ ಸ್ಟೇಜ್ ಹತ್ತಿದ ಮೇಲೆ ವಾದ್ಯಕ್ಕೆ ಪೂಜೆ ತಪ್ಪಿಸುವ ಜನ್ಮ ಅಲ್ಲ ಅವನದು. ಅಲ್ಲಿದ್ದ ಗುಂಡಿಗಳ ಪೈಕಿ ಒಂದಕ್ಕೆ ಬೊಟ್ಟಿಟ್ಟ. ಊದುಬತ್ತಿ ತೋರಿಸಿದ. ವೀಳ್ಯದೆಲೆ ಇಟ್ಟು, ಅದರ ಮೇಲೆ ಕಾಂತರಾಜುವಿನ ಮಂಡಿಯ ದೊಡ್ಡ ತೆಂಗಿನಕಾಯಿಯೊಂದನ್ನು ಎಡಗಡೆಯ ಬಿಳಿ ಮನೆಗಳ ಮೇಲೆ ಭಕ್ತಿಯಿಂದ ಮಲಗಿಸಿದ.

ಢುಂ, ಎಂದಿತು ಪೆಟ್ಟಿಗೆ.

ಗುಂಡಯ್ಯ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಢುಂ, ಢುಂ. ಎರಡಾಳೆತ್ತರದ ಸ್ಪೀಕರುಗಳಿಂದ ಬೇಸ್ ಮಂಟಪದ ತುಂಬ ನಡೆಯಿತು, ಹಿಂದೆಯೇ ಪಿಟೀಲುಗಳು. ತೆಂಗಿನಕಾಯಿಗೆ ಯಾವ ಕಾರ್ಡು ಗೊತ್ತು? ನಾಲ್ಕು ಮನೆ ಒಟ್ಟಿಗೆ ಅದುಮಿಕೊಂಡು ಕೂತಿತ್ತು, ಪೆಟ್ಟಿಗೆ ಅದರಲ್ಲೇ ಏನೋ ಅರ್ಥ ಮಾಡಿಕೊಂಡು ಧೈರ್ಯವಾಗಿ ನುಡಿಸುತ್ತಿತ್ತು. ನೆಂಟರೆಲ್ಲ ತಿರುಗಿ ನೋಡಿದರು. ವಾದ್ಯದ ಮುಂದೆ ಒಬ್ಬ ನರಪಿಳ್ಳೆ ಇಲ್ಲ, ಕಾಯಿ ಮಾತ್ರ.

ನಿಲ್ಲಿಸುವುದು ಹೇಗೆಂದು ಗುಂಡಯ್ಯನಿಗೆ ಗೊತ್ತಿರಲಿಲ್ಲ. ಇಟ್ಟ ಕಾಯಿಯನ್ನು ಮಂಗಳಾರತಿಗೆ ಮುಂಚೆ ಎತ್ತುವ ಹಾಗೂ ಇರಲಿಲ್ಲ. ಅವನು ಕಿವಿ ಕೊಟ್ಟು ನಿಂತ. ಡೋಲು ಇರಬೇಕಾದ ಜಾಗವೆಲ್ಲ ಖಾಲಿ. ಢುಂ, ಆಮೇಲೆ ಏನೂ ಇಲ್ಲ. ಢುಂ, ಆಮೇಲೆ ಏನೂ ಇಲ್ಲ. ನಲವತ್ತು ವರ್ಷ ಬಾರಿಸಿದವನಿಗೆ ಆ ಖಾಲಿಯನ್ನು ಸಹಿಸಲು ಆಗಲಿಲ್ಲ. ತಟ್ಟೆ ಕೆಳಗಿಟ್ಟ, ಕೂತ, ಡೋಲಕ್ ಎಳೆದುಕೊಂಡ.

ಮೊದಲ ಪೆಟ್ಟಿಗೇ ಮಂಟಪ ಎದ್ದು ಕೂತಿತು. "ಅಂಗೆ ಬಾರಿಸು ಗುಂಡಯ್ಯ!" ಎಂದು ಕೂಗಿದ್ದು ಯಾರೆಂದು ಎಲ್ಲರೂ ನೋಡಿದರೆ, ದೇವಸ್ಥಾನದ ಬೀದಿಯ ಲಕ್ಷ್ಮೀದೇವಮ್ಮ. ಶಿಳ್ಳೆ ಬಿತ್ತು. ಗುಂಡಯ್ಯನ ಕೈ ಓಡಲು ಹೊರಟಿತು.

ಅಷ್ಟು ಹೊತ್ತಿಗೆ ಊಟದ ಮನೆಯಲ್ಲಿ ಅರ್ಧ ಬೋಂಡ ಬಾಯಲ್ಲಿಟ್ಟುಕೊಂಡಿದ್ದ ಹಂಸನಿಗೆ ತನ್ನ ಬೇಸ್ ಕೇಳಿಸಿತು. ಸೀರೆಯ ನೆರಿಗೆ ಎತ್ತಿ ಹಿಡಿದು, ನೆಂಟರ ಕಾಲು ತುಳಿದು, ಬೋಂಡ ನುಂಗುತ್ತ ವೇದಿಕೆಗೆ ಹಾರಿದಳು. ನೋಡಿದರೆ ಕಾಯಿ ಕೂತಿದೆ, ಗುಂಡಯ್ಯ ಓಡುತ್ತಿದ್ದಾನೆ, ಪೆಟ್ಟಿಗೆ ಹಿಂದೆ ಬೀಳುತ್ತಿದೆ. ಇನ್ನು ನಾಲ್ಕು ಸುತ್ತಾದರೆ ಶಾಂತಿಗ್ರಾಮದ ಕತೆಯೇ. ವೇಗದ ಗುಂಡಿ ಎಲ್ಲಿ? ಗಾಬರಿಯಲ್ಲಿ ಕಣ್ಣು ಕತ್ತಲಿಟ್ಟಿತು. ಆಗ ಕಂಡಿತು ಕೆಂಪಗೆ ಒಂದು ಬೊಟ್ಟು. ಗುಂಡಯ್ಯ ಕುಂಕುಮ ಇಟ್ಟಿದ್ದು ಅದೇ ಕೂಡು ಗುಂಡಿಗೆ.

ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಕಾರ್ಡಿನ ಚಿಂತೆ ಕಾಯಿಯದು, ಅವಳಿಗೆ ಎರಡೂ ಕೈ ಬಿಡುವು. ಬೇಸ್ ಮೆಲ್ಲಗೆ ಮುಂದೆ ಸರಿದು ಡೋಲಕ್ಕಿನ ಪಕ್ಕಕ್ಕೆ ಬಂತು, ಭುಜಕ್ಕೆ ಭುಜ ತಾಗಿಸಿತು. ಗುಂಡಯ್ಯ ಚಕ್ಕನೆ ತಲೆ ಎತ್ತಿದ. ನಂಬಿಕೆಯಾಗದೆ, ಪರೀಕ್ಷೆಗೆಂದು ಇನ್ನಷ್ಟು ಓಡಿದ. ಪೆಟ್ಟಿಗೆ ಜೊತೆಗೇ ಓಡಿತು. ಬೇಕೆಂದು ಕೈ ಸಡಿಲ ಬಿಟ್ಟ, ಪೆಟ್ಟಿಗೆಯೂ ತಗ್ಗಿತು. ಅವನ ಮುಖದಲ್ಲಿ ಹಲ್ಲು ಕಾಣಿಸಿತು.

"ಕಾಂತ್ರಾಜ! ಪೆಟ್ಗೆಗೆ ಕಿವಿ ಬಂದ್ಬುಡ್ತು ಕಣ್ಲಾ!"

ಕಾಂತರಾಜು ಮೈಕು ಕಿತ್ತುಕೊಂಡು ಹಾಡಿದ. ಮದುಮಗ ಹಾರ ಹಾಕಿಕೊಂಡೇ ಕುಣಿದ. ಹಂಸ ಕಾಯಿಯನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟು, ತನ್ನ ಬೆರಳು ಇಟ್ಟಳು, ನಕ್ಕಳು, ಕಣ್ಣಲ್ಲಿ ನೀರು ಬಂತು, ಅದರ ನಡುವೆಯೇ ಹೆಬ್ಬೆರಳು ಕೂಡು ಗುಂಡಿ ಒತ್ತುತ್ತಲೇ ಇತ್ತು. ಅಷ್ಟು ಸಂತೋಷವನ್ನು ಅವಳು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಕಾಂತರಾಜು ಕೇಳಿದ: "ಏನ್ ಗುಂಡಣ್ಣ, ಪೆಟ್ಗೆ ಇರ್ಲಾ, ಓಗ್ಲಾ?"

"ಇರ್ಲಿ. ಅಕ್ಕಾರೂ ಇರ್ಲಿ. ಆದ್ರೆ ಶುರುನಲ್ಲಿ ಕಾಯಿ ಚೆಂದಾಗ್ ನುಡುಸ್ತು ಕಣ್ಲಾ, ಅದ್ನೂ ಕಳುಸ್ಬ್ಯಾಡ."

ಅಲ್ಲಿಂದ ಒಂಬತ್ತು ವರ್ಷ. ಹಾಸನ, ನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಕಲ್ಪವೃಕ್ಷ ಹತ್ತದ ವೇದಿಕೆ ಉಳಿಯಲಿಲ್ಲ. ಪ್ರತಿ ಕಾರ್ಯಕ್ರಮವೂ ಕಾಯಿಯ ನಾಲ್ಕು ಸುತ್ತಿನಿಂದಲೇ ಶುರು. ಎರಡು ಸಾವಿರದ ಎರಡರಲ್ಲಿ ಹಂಸ ಹೊಸ ಕೀಬೋರ್ಡು ತಂದಳು, ನಮ್ಮ ಡೋಲಕ್, ತಬಲ ಎಲ್ಲ ಒಳಗೇ ತುಂಬಿದ್ದು. ಅಂಗಡಿಯವನು ಹೆಮ್ಮೆಯಿಂದ ಡೋಲಕ್ ನುಡಿಸಿ ತೋರಿಸಿದ. ಅವಳು ಕೇಳಿದ ಮೊದಲ ಪ್ರಶ್ನೆ, ಇದನ್ನು ಸುಮ್ಮನಿರಿಸುವ ಗುಂಡಿ ಎಲ್ಲಿದೆ ಎಂದು.

ಎರಡು ಸಾವಿರದ ಆರರಲ್ಲಿ ಗುಂಡಯ್ಯ ಮೆಟ್ಟಿಲಿನಿಂದ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡ. ಕೂಡಿತು, ಆದರೆ ಡೋಲಕ್ ಬಾರಿಸುವ ಹಾಗೆ ಕೂಡಲಿಲ್ಲ. ಮುಂದಿನ ಕಾರ್ಯಕ್ರಮ ಅವನದೇ ಊರು ಅರಕಲಗೂಡಿನಲ್ಲಿ. ಅವನು ಪೂಜೆ ಮಾಡಿ, ಬೊಟ್ಟಿಟ್ಟು, ಕಾಯಿ ಇಡದೆಯೇ ಕೆಳಗಿಳಿಯಲು ಹೊರಟ.

"ಎಲ್ಲಿಗೆ?" ಎಂದಳು ಹಂಸ, ಕ್ಲಾಸಿನಲ್ಲಿ ಕೇಳುವ ದನಿಯಲ್ಲಿ.

"ಪೆಟ್ಗೇಲೇ ಡೋಲಕ್ ಐತಲ್ಲವ್ವ. ಇನ್ ನನ್ ಕೈಲೇನಾದಾತು?"

ಹಂಸ ತನ್ನ ಪಕ್ಕಕ್ಕೆ ಒಂದು ಕುರ್ಚಿ ಎಳೆದಳು. ಅವನನ್ನು ಕೂರಿಸಿ, ಅವನ ಎಡಗೈಯ ತೋರುಬೆರಳನ್ನು ಹಿಡಿದು ಕೂಡು ಗುಂಡಿಯ ಕುಂಕುಮದ ಬೊಟ್ಟಿನ ಮೇಲೆ ಇಟ್ಟಳು. ನಾಲ್ಕು ವರ್ಷ ಸುಮ್ಮನಿರಿಸಿದ್ದ ಪೆಟ್ಟಿಗೆಯ ಡೋಲಕ್ಕನ್ನು ಮೊದಲ ಸಲ ಬಿಟ್ಟಳು. ಹಾಡು ಶುರುವಾಯಿತು, ಅಚ್ಚುಕಟ್ಟಾಗಿ, ಹೆಡ್‌ಮಾಸ್ಟರ್ ನಡಿಗೆಯಲ್ಲಿ. ಎರಡನೆಯ ಚರಣಕ್ಕೆ ಯಾರೋ ಶಿಳ್ಳೆ ಹೊಡೆದರು. ಬೆರಳು ಗುಂಡಿಯನ್ನು ಒಮ್ಮೆ ಒತ್ತಿತು. ಇನ್ನೊಂದು ಶಿಳ್ಳೆ. ಮೂರು ಸಲ ಒತ್ತಿತು. ಪೆಟ್ಟಿಗೆ ಓಡಿತು, ಕಾಂತರಾಜು ಉಸಿರು ಕಟ್ಟಿಕೊಂಡು ಹಿಂದೆ ಓಡಿದ, ಹಂಸನ ಬಲಗೈ ಎಡವುತ್ತ ಮುಗ್ಗರಿಸುತ್ತ ಅವರ ಹಿಂದೆ ಓಡಿತು. ಮೊದಲ ಸಾಲಿನಲ್ಲಿ ಲಕ್ಷ್ಮೀದೇವಮ್ಮ ಕೋಲಿನಿಂದ ನೆಲ ಕುಟ್ಟುತ್ತಿದ್ದರು.

"ಗುಂಡಯ್ಯ, ಓಡ್ತಾ ಇದೀರಿ!" ಎಂದು ಹಂಸ ಕೂಗಿದಳು.

"ನಾನೆಲ್ಲವ್ವ ಓಡ್ತಾ ಇವ್ನಿ," ಎಂದ ಗುಂಡಯ್ಯ, ಕಣ್ಣು ಒರೆಸಿಕೊಳ್ಳದೆ, ಬೆರಳು ತೆಗೆಯದೆ. "ಪೆಟ್ಗೆ ಕಣವ್ವ!"